ಮೇಚಿ ನದಿಯಾಚೆಯ ಹೊಲಿಗೆ ಮನೆ

ಸೇತುವೆ

ನಾನು ವಿದೇಶಕ್ಕೆ ಹೋದದ್ದು ಸೈಕಲ್ ರಿಕ್ಷಾದಲ್ಲಿ. ಬೆಂಗಳೂರಿನಿಂದ ಮೂರು ದಿನ ರೈಲಿನಲ್ಲಿ ಕೂತು, ಸಿಲಿಗುರಿಯಿಂದ ಒಂದು ಗಂಟೆ ಬಸ್ಸಿನಲ್ಲಿ ನಿಂತು ಹೋದರೆ ಭಾರತ ಮುಗಿಯುತ್ತದೆ. ಮುಂದೆ ಮೇಚಿ ನದಿಯ ಉದ್ದನೆಯ ಸೇತುವೆ. ಸೇತುವೆಯ ಆ ತುದಿ ನೇಪಾಳ. ನಮ್ಮವರಿಗೆ ಪಾಸ್‌ಪೋರ್ಟು, ವೀಸಾ ಏನೂ ಬೇಡ. ಓಟಿನ ಗುರುತಿನ ಚೀಟಿ ಸಾಕು. ೨೦೦೩ನೇ ಇಸವಿ, ಫೆಬ್ರವರಿ ಕೊನೆ. ನದಿಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚಾಗಿತ್ತು. ನರಸೀಪುರದಲ್ಲಿ ಎರಡು ಹೊಳೆ ಬಂದು ಕೂಡುವುದನ್ನು ನೋಡಿಕೊಂಡೇ ಇರುವ ನನಗೆ, ಎರಡು ದೇಶಗಳನ್ನು ಬೇರೆ ಮಾಡುವ ಹೊಳೆ ಇಷ್ಟು ಸಣ್ಣದೇ ಅನ್ನಿಸಿತು.

ಪಕ್ಕದಲ್ಲಿ ಕೂತಿದ್ದವರು ಬನ್ನೂರಿನ ಸಿದ್ದರಾಜಣ್ಣ. ಹೊಲಿಗೆ ಮಿಷನ್ ರಿಪೇರಿ ಅವರ ಕಸುಬು. ಐವತ್ತು ದಾಟಿದ ಮನುಷ್ಯ, ಮೈಸೂರು ಜಿಲ್ಲೆ ಬಿಟ್ಟು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಬಿಡಿಭಾಗಗಳ ಕಬ್ಬಿಣದ ಪೆಟ್ಟಿಗೆಯನ್ನು ರೈಲಿನಲ್ಲೂ ಅವರು ತೊಡೆಯ ಮೇಲಿಂದ ಇಳಿಸಿರಲಿಲ್ಲ.

"ಇಷ್ಟೇಯಾ ಫಾರಿನ್ನು, ಟೀಚರಮ್ಮ? ನಮ್ಮೂರ್ ಕಡೆ ಸೇತ್ವೆನೇ ಇದ್ಕಿಂತ ಎತ್ರ ಅದೆ" ಅಂದರು.

ಆ ತುದಿಯಲ್ಲಿ ನೇಪಾಳದ ಪೊಲೀಸರು ಪೆಟ್ಟಿಗೆ ತೆರೆಸಿದರು. ಆ ದೇಶದಲ್ಲಿ ಆಗ ಬಂದೂಕಿನ ಗಲಾಟೆಗಳು ನಡೆದು ಸ್ವಲ್ಪ ತಣ್ಣಗಾಗಿದ್ದ ಕಾಲ. ಒಳಗೆ ಸ್ಪ್ರಿಂಗು, ಸ್ಕ್ರೂ, ಶಟಲ್ಲು, ಸೂಜಿ ತುಂಬಿರುವುದನ್ನು ಕಂಡು ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ.

"ಒಲ್ಗೆ ಮಿಷನ್ ಸಾಮಾನು ಸಾ, ಒಲ್ಗೆ!" ಎಂದು ಸಿದ್ದರಾಜಣ್ಣ ಕೂಗಿದರು. ಜೋರಾಗಿ ಹೇಳಿದರೆ ಕನ್ನಡ ಯಾರಿಗೂ ಅರ್ಥವಾಗುತ್ತದೆ ಎಂಬ ನಂಬಿಕೆ ಅವರದು. ನನ್ನ ಹಿಂದಿ ಆ ಗಾಬರಿಯಲ್ಲಿ ಓಡಿಹೋಗಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎರಡು ಪಾದಗಳಿಂದ ಪೆಡಲ್ ತುಳಿಯುವಂತೆ ಮಾಡಿ, ಸೆರಗನ್ನೇ ಸೂಜಿಯ ಕೆಳಗೆ ನೂಕುವಂತೆ ತೋರಿಸಿದೆ. ಪೊಲೀಸಿನವನು ನಕ್ಕ. ಇನ್ನೊಬ್ಬನನ್ನು ಕರೆದು ಮತ್ತೊಮ್ಮೆ ಮಾಡಿಸಿದ. ನನ್ನ ವಿದೇಶ ಪ್ರವೇಶ ಆದದ್ದು ಹೀಗೆ.

ಬಿದಿರಿನ ಊರು

ನಾನು ಹುಟ್ಟಿದ್ದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆರು ವರ್ಷ ತಾಂಡ್ಯದ ಕಡೆ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ನಂತರ ನರಸೀಪುರದ ಹೆಂಗಸರ ಹೊಲಿಗೆ ಕೇಂದ್ರದಲ್ಲಿ ಕಲಿಸುವವಳಾದೆ. ಸರ್ಕಾರಿ ಶಾಲೆಗಳ ಸಮವಸ್ತ್ರ ಹೊಲಿದುಕೊಟ್ಟು ನಮ್ಮ ಇಪ್ಪತ್ತು ಹೆಂಗಸರು ಸಂಸಾರ ನಡೆಸುತ್ತಿದ್ದರು. ಆ ಕೇಂದ್ರ ಶುರುವಾದಾಗ ನಮ್ಮ ಜೊತೆ ಇದ್ದ ಕೇರಳದ ಸಿಸ್ಟರ್ ಒಬ್ಬರು ಆಮೇಲೆ ನೇಪಾಳಕ್ಕೆ ಹೋಗಿದ್ದರು. ಅವರಿಂದ ಕಾಗದ ಬಂತು. ಭೂತಾನಿನಿಂದ ಓಡಿಬಂದವರ ಶಿಬಿರದಲ್ಲಿ ಹೆಂಗಸರು ಹೊಲಿಗೆ ಮನೆ ಮಾಡಿಕೊಂಡಿದ್ದಾರೆ, ಹನ್ನೆರಡು ಮಿಷನ್ನಿನಲ್ಲಿ ಏಳು ಕೆಟ್ಟಿವೆ, ಹತ್ತಿರದ ಹಳ್ಳಿಯ ಶಾಲೆಯವರು ಇನ್ನೂರು ಸಮವಸ್ತ್ರ ಹೊಲಿಸಲು ಒಪ್ಪಿದ್ದಾರೆ, ಅಳತೆಗೆ ತಕ್ಕ ಕಟಿಂಗ್ ಕಲಿಸುವವರಿಲ್ಲ, ಬರುತ್ತೀಯಾ?

ಕೆಟ್ಟ ಮಿಷನ್‌ಗಳಿಗೆಂದು ಸಿದ್ದರಾಜಣ್ಣನನ್ನು ಒಪ್ಪಿಸಿ ಕರೆದುಕೊಂಡು ಬಂದೆ. ಶಿಬಿರ ಎಂದರೆ ನಾನು ಡೇರೆಗಳನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿ ಇದ್ದದ್ದು ಒಂದು ಊರು. ಬಿದಿರಿನ ತಟ್ಟಿ ಗೋಡೆ, ಹುಲ್ಲಿನ ಚಾವಣಿ, ಸಾಲು ಸಾಲು ಗುಡಿಸಲು, ಪ್ರತಿ ಸಾಲಿಗೂ ನಂಬರು. ಒಂದು ಗುಡಿಸಲಲ್ಲಿ ಕೆಮ್ಮಿದರೆ ನಾಲ್ಕನೆಯ ಗುಡಿಸಲಿಗೆ ಕೇಳಿಸುತ್ತದೆ. ಹನ್ನೆರಡು ವರ್ಷದಿಂದ ಜನ ಹಾಗೆ ಇದ್ದರು. ಅಲ್ಲೇ ಹುಟ್ಟಿದ ಮಕ್ಕಳು ಆಗಲೇ ಆರನೇ ಕ್ಲಾಸಿಗೆ ಬಂದಿದ್ದರು. ಹದಿನೈದು ದಿನಕ್ಕೊಮ್ಮೆ ಅಕ್ಕಿ, ಬೇಳೆ, ಎಣ್ಣೆ ಬರುತ್ತದೆ. ಹೊರಗೆ ಹೋಗಬೇಕಾದರೆ ಚೀಟಿ ಬರೆಸಬೇಕು. ಹೊರಗೆ ಕೆಲಸ ಮಾಡುವಂತಿಲ್ಲ.

ನಡೆದರೆ ಇಡೀ ಊರನ್ನು ಒಂದು ಗಂಟೆಯಲ್ಲಿ ಸುತ್ತಿ ಬರಬಹುದು. ಸಿದ್ದರಾಜಣ್ಣ ಸುತ್ತಿಬಂದು, "ಅಲ್ಲ ಕಣವ್ವ, ಇಷ್ಟು ಜನ ಅವ್ರೆ, ಒಂದ್ ಎಮ್ಮೆ ಇಲ್ಲ, ಒಂದ್ ನೇಗ್ಲು ಇಲ್ಲ. ಇವ್ರು ಬೆಳಿಗ್ಗೆ ಎದ್ದು ಏನ್ ಮಾಡಾರು?" ಎಂದರು.

ಅದಕ್ಕೆ ಉತ್ತರವಾಗಿ ಇದ್ದವಳು ದೇವಿಮಾಯಾ. ಬೇರೆ ಶಿಬಿರದ ಕೆಲಸಕ್ಕೆ ಹೊರಟಿದ್ದ ಸಿಸ್ಟರ್ ನಮ್ಮನ್ನು ಒಪ್ಪಿಸಿದ್ದು ಅವಳಿಗೇ. ನಲವತ್ತರ ಹತ್ತಿರದ ಸಣ್ಣ ಆಳು, ಮಾತು ಕಡಿಮೆ. ಗಂಡ ಶಿಬಿರಕ್ಕೆ ಬಂದ ಎರಡನೇ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಅತ್ತೆ ಮತ್ತು ಮಗಳು ಅವಳ ಜೊತೆಗಿದ್ದರು. ಒಂದೇ ಒಂದು ಮಿಷನ್ ಇಟ್ಟುಕೊಂಡು ಹರಿದ ಬಟ್ಟೆಗೆ ತೇಪೆ ಹಾಕುತ್ತ ಶುರು ಮಾಡಿ, ಹನ್ನೆರಡು ಮಿಷನ್ನಿನ ಹೊಲಿಗೆ ಮನೆ ಕಟ್ಟಿದ್ದಳು. ಅಲ್ಲಿ ಒಂದು ಕಟ್ಟುಪಾಡು ಇತ್ತು: ಸಿಕ್ಕಿದ ಸಂಪಾದನೆಯಲ್ಲಿ ಮೊದಲ ಪಾಲು ಮಕ್ಕಳು ಓದುವ ಲಾಟೀನಿನ ಸೀಮೆಎಣ್ಣೆಗೆ, ಉಳಿದದ್ದು ಹೊಲಿದವರಿಗೆ. ನಾವು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನನ್ನದು ತಾಂಡ್ಯದಲ್ಲಿ ಉತ್ತರದ ಸೂಪರ್‌ವೈಸರುಗಳಿಂದ ಬೈಸಿಕೊಂಡು ಕಲಿತ ಹಿಂದಿ; ಅವಳದು ರೇಡಿಯೋ ಕೇಳಿ ಕಲಿತದ್ದು. ಅವಳು ನನ್ನನ್ನು ದೀದಿ ಅನ್ನುತ್ತಿದ್ದಳು.

ಸಿದ್ದರಾಜಣ್ಣನಿಗೆ ಭಾಷೆಯೇ ಬೇಕಾಗಲಿಲ್ಲ. ಕೆಟ್ಟ ಮಿಷನ್ನಿಗೆ ಕಿವಿ ಹಚ್ಚಿ, ಚಕ್ರ ತಿರುಗಿಸಿ, "ಇವಳ್ಗೆ ಗಂಟ್ಲು ಕಟ್ಟದೆ" ಎಂದು ಬಿಚ್ಚಲು ಕೂರುತ್ತಿದ್ದರು. ಹತ್ತು ದಿನದಲ್ಲಿ ಏಳರಲ್ಲಿ ಆರು ಓಡಿದವು. ಅವರಿಗೆ ಇದ್ದ ಕೊರತೆ ಮುದ್ದೆ ಒಂದೇ. ಒಂದು ಮಧ್ಯಾಹ್ನ ದೇವಿಮಾಯಾಳ ಅತ್ತೆ ಕಂಚಿನ ತಟ್ಟೆಯಲ್ಲಿ ಕಪ್ಪಗಿನ ಬಿಸಿ ಉಂಡೆಯಂಥದ್ದನ್ನು ತಂದಿಟ್ಟರು. ಪಕ್ಕದ ಹಳ್ಳಿಯಿಂದ ಬೇಡಿ ತಂದ ಹಿಟ್ಟು. ಅವರು ಅದಕ್ಕೆ ಢಿಂಡೊ ಅನ್ನುತ್ತಾರೆ, ಧಾನ್ಯಕ್ಕೆ ಕೋದೋ ಅನ್ನುತ್ತಾರೆ. ಒಂದು ತುತ್ತು ಮುರಿದು ನುಂಗಿದ ಸಿದ್ದರಾಜಣ್ಣ ತಲೆ ಎತ್ತಿ ಆ ಮುದುಕಿಯನ್ನೇ ನೋಡಿದರು.

"ರಾಗಿ ಕಣವ್ವ ಇದು! ನಮ್ಮ ರಾಗಿಯೇ!"

ಅತ್ತೆಗೆ ಏನು ತಿಳಿಯಿತೋ, ಇನ್ನೊಂದು ಉಂಡೆ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪೇಟೆ

ಮೂರನೇ ವಾರ ನನ್ನಿಂದ ತಪ್ಪಾಯಿತು.

ದಾರದ ರೀಲು ಮುಗಿದಿತ್ತು. ಶಿಬಿರದಿಂದ ಎರಡು ಮೈಲಿಯಲ್ಲಿ ಒಂದು ಪೇಟೆ. ನಮ್ಮ ಬನ್ನೂರಿನ ಸಂತೆ ಬೀದಿಯ ಅರ್ಧದಷ್ಟಿದೆ. ನನಗೆ ಚೀಟಿ ಬೇಕಾಗಿರಲಿಲ್ಲ, ಒಬ್ಬಳೇ ನಡೆದುಹೋದೆ. ದಾರ ಸಿಕ್ಕಿದ್ದು ಒಂದು ದರ್ಜಿ ಅಂಗಡಿಯಲ್ಲಿ. ಯಜಮಾನನ ಹೆಸರು ಹರ್ಕ. ಒಂದು ಕಾಲು ಊನವಾಗಿದ್ದ ಅರವತ್ತರ ಮನುಷ್ಯ. ಎಲ್ಲರೂ ಅವನನ್ನು ದಾಜು, ಅಂದರೆ ಅಣ್ಣ, ಎನ್ನುತ್ತಿದ್ದರು. ಮೂರು ಮಿಷನ್, ಇಬ್ಬರು ಕೆಲಸಗಾರರು. ನಾನೂ ಹೊಲಿಗೆಯವಳೆಂದು ತಿಳಿದು ಸ್ಟೂಲು ಎಳೆದು ಕೂರಿಸಿ ಟೀ ತರಿಸಿದ. ದೂರದ ದೇಶದಲ್ಲಿ ಒಂದೇ ಕಸುಬಿನವರು ಸಿಕ್ಕರೆ ಆಗುವ ಸಂತೋಷವೇ ಬೇರೆ. ಅವನಿಗೂ ಹಿಂದಿ ಬರುತ್ತಿತ್ತು, ನಾನು ಮಾತಿಗೆ ಬಿದ್ದೆ. ಶಿಬಿರದ ಹೆಂಗಸರು ಎಷ್ಟು ಬೇಗ ಕಲಿತರು, ಶಾಲೆಯ ಇನ್ನೂರು ಸಮವಸ್ತ್ರ ಎಷ್ಟು ಚೆನ್ನಾಗಿ ಬರುತ್ತಿವೆ, ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ.

ದಾಜು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟ.

"ಯಾವ ಶಾಲೆ?" ಎಂದ.

ಹೇಳಿದೆ. ಅವನು ದಾರ ಕಟ್ಟಿಕೊಟ್ಟ. ಟೀಯನ್ನು ಪೂರ್ತಿ ಕುಡಿದು ಹೋಗುವಂತೆ ಕೈ ತೋರಿಸಿದ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ಹೊಲಿಗೆ ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಪೇಟೆಯ ದರ್ಜಿಗಳು ದೂರು ಕೊಟ್ಟಿದ್ದಾರೆ, ಶಿಬಿರದವರು ಹೊರಗಿನ ಕೆಲಸ ಮಾಡುವಂತಿಲ್ಲ ಎನ್ನುತ್ತಿದ್ದಾರೆ, ಆರ್ಡರು ನಿಲ್ಲಿಸಿ, ಬಟ್ಟೆ ವಾಪಸು ಕೊಡಿ ಎಂದರು. ಮಧ್ಯಾಹ್ನ ಶಿಬಿರ ನೋಡಿಕೊಳ್ಳುವವರಿಂದಲೂ ಮಾತು ಬಂತು: ಇನ್ನೊಂದು ದೂರು ಬಂದರೆ ಮಿಷನ್‌ಗಳಿಗೆ ಬೀಗ.

ಹದಿನಾಲ್ಕು ಹೆಂಗಸರು ಮಿಷನ್‌ಗಳ ಮುಂದೆ ಕೈ ಕಟ್ಟಿ ಕೂತಿದ್ದರು. ಅರ್ಧ ಬಟ್ಟೆ ಆಗಲೇ ಕತ್ತರಿಸಿಯಾಗಿತ್ತು. ನೆಲದ ಮೇಲೆ ನೀಲಿ ತೋಳುಗಳು, ಮೈಯಿಲ್ಲದ ತೋಳುಗಳು, ಕಟ್ಟು ಕಟ್ಟಾಗಿ ಬಿದ್ದಿದ್ದವು. ಆ ಶಾಲೆಯ ಬಟ್ಟೆಯನ್ನು ಹತ್ತಾರು ವರ್ಷದಿಂದ ಹೊಲಿಯುತ್ತಿದ್ದವನು ಹರ್ಕ ದಾಜು ಎಂದು ನಮಗೆ ಗೊತ್ತಾದದ್ದು ಆಗ.

ನಾನೇ ಬಾಯಿಬಿಟ್ಟು ಹೇಳಿದವಳು ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈದವರು ಸಿದ್ದರಾಜಣ್ಣ ಒಬ್ಬರೇ, ಅದೂ ಹೊರಗೆ ಕರೆದುಕೊಂಡು ಹೋಗಿ.

"ಯಾಕವ್ವ ಓಗಿ ಎಲ್ಲಾನೂ ಏಳ್ಕಂಡೆ? ನಮ್ಮ ನರಸೀಪುರದಾಗೆ ಯಾರಾದ್ರೂ ಒರಗ್ಲಿಂದ ಬಂದು ನಿಮ್ ಸೆಂಟ್ರಿನ ಆರ್ಡ್ರು ಕಿತ್ಕಂಡ್ರೆ ನೀನು ಸುಮ್ಕಿರ್ತಿದ್ಯಾ?"

ಸುಮ್ಮನಿರುತ್ತಿರಲಿಲ್ಲ. ಕಣ್ಣೀರು ಬಂತು. ಅದನ್ನು ಕಂಡು ಅವರೇ ಮೆತ್ತಗಾದರು. "ಓಗ್ಲಿ ಬುಡು. ಆಡಿದ್ದು ಆಗೋಯ್ತು. ಆ ಮನ್ಸನ ತಾವ್ಕೆ ಓಗಿ ಮಾತಾಡು."

ದರ್ಜಿ ಅಂಗಡಿ

ದೇವಿಮಾಯಾ ಹೊರಗೆ ಹೋಗುವ ಚೀಟಿ ಬರೆಸಿಕೊಂಡು ಬಂದಳು. ಇಬ್ಬರೂ ನಡೆದು ಹೋದೆವು. ಹನ್ನೆರಡು ವರ್ಷದಲ್ಲಿ ಆ ಅಂಗಡಿಯ ಮುಂದೆ ಅವಳು ಎಷ್ಟೋ ಸಲ ಹಾದು ಹೋಗಿದ್ದಳಂತೆ, ಮೆಟ್ಟಿಲು ಹತ್ತಿರಲಿಲ್ಲ. ಆ ದಿನವೂ ಹತ್ತಲಿಲ್ಲ. ರಸ್ತೆಯಲ್ಲೇ ನಿಂತಳು. ಮಾತು ಅವರಿಬ್ಬರದೂ ಆದ ನೇಪಾಳಿಯಲ್ಲಿ ನಡೆಯಿತು; ಅವಳು ಅದನ್ನು ಹಿಂದಿಯಲ್ಲಿ ನನಗೆ ಹೇಳಿದ್ದು ವಾಪಸು ಬರುವಾಗ.

"ದಾಜು, ನಿಮ್ಮ ಕೆಲಸ ಕಿತ್ತುಕೊಳ್ಳುತ್ತಿದ್ದೇವೆ ಎಂದು ನಮಗೆ ಗೊತ್ತಿರಲಿಲ್ಲ" ಅಂದಳು. "ನಾವು ಕಡಿಮೆಗೆ ಹೊಲಿಯುತ್ತೇವೆ ಎಂದು ಶಾಲೆಯವರು ಬಂದರು. ಯಾರ ಕೈಯಿಂದ ತಂದದ್ದು ಎಂದು ನಾವು ಕೇಳಲಿಲ್ಲ. ಕೇಳಬೇಕಿತ್ತು."

ದಾಜು ಮಿಷನ್ ನಿಲ್ಲಿಸಲಿಲ್ಲ. ತುಳಿಯುತ್ತಲೇ ಹೇಳಿದ. "ನಿಮಗೆ ಅಕ್ಕಿ ಬರುತ್ತದೆ. ಎಣ್ಣೆ ಬರುತ್ತದೆ. ನನ್ನ ಈ ಇಬ್ಬರು ಕೆಲಸಗಾರರಿಗೆ ಯಾರು ಕೊಡುತ್ತಾರೆ? ನೀವು ಬಂದ ವರ್ಷ ನಮ್ಮ ಮನೆಯಿಂದಲೂ ಎರಡು ಕಂಬಳಿ ಕೊಟ್ಟೆವು. ಒಂದು ಚಳಿಗಾಲ ಇದ್ದು ಹೋಗುತ್ತಾರೆ ಅಂದುಕೊಂಡಿದ್ದೆವು."

"ನಾವೂ ಹಾಗೇ ಅಂದುಕೊಂಡಿದ್ದೆವು, ದಾಜು."

ಮಿಷನ್ ನಿಂತಿತು. ಆಮೇಲೆ ದೇವಿಮಾಯಾ ತಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಹೇಳಿದಳು. ಆರ್ಡರು ಅವನ ಅಂಗಡಿಯ ಹೆಸರಿಗೇ ಹೋಗಲಿ. ಕಟಿಂಗ್ ಅವನದು, ಕಾಜ ಮತ್ತು ಗುಂಡಿಯ ಕೆಲಸ ಅವನ ಕಡೆಯವರದು. ನಡುವಿನ ಹೊಲಿಗೆ ಮಾತ್ರ ಶಿಬಿರದವರು ಮಾಡುತ್ತಾರೆ. ಶಾಲೆ ಅವನಿಗೆ ಮೊದಲು ಕೊಡುತ್ತಿದ್ದಷ್ಟೇ ಕೊಡಲಿ. ಪೇಟೆಯಲ್ಲಿ ಕಷ್ಟದಲ್ಲಿರುವ ಹೆಂಗಸರು ಯಾರಾದರೂ ಇದ್ದರೆ ಅವರೂ ಬಂದು ದೀದಿಯ ಹತ್ತಿರ ಕಲಿಯಲಿ, ಮಿಷನ್ ನಾವು ಬಿಟ್ಟುಕೊಡುತ್ತೇವೆ.

"ಹೆಸರು ನನ್ನದು, ಹೊಲಿಗೆ ನಿಮ್ಮದು. ಸಿಗುವುದು ಅರ್ಧಕ್ಕಿಂತ ಕಡಿಮೆ. ನಿಮಗೇನು ಉಳಿಯುತ್ತದೆ?" ಎಂದು ಅವನು ಕೇಳಿದ.

"ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಉಳಿಯುತ್ತದೆ" ಅಂದಳು.

ಅವನು ಆಗಲಿ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಎರಡು ದಿನ ಏನೂ ಸುದ್ದಿಯಿಲ್ಲ. ಮೂರನೆಯ ದಿನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೋಲೂರಿಕೊಂಡು ಹರ್ಕ ದಾಜು ಹೊಲಿಗೆ ಮನೆಗೆ ಬಂದ. ಎರಡು ಮೈಲಿ ದೂರದ ಶಿಬಿರದ ಒಳಗೆ ಅವನು ಕಾಲಿಟ್ಟದ್ದು ಅದೇ ಮೊದಲಂತೆ. ಗುಡಿಸಲುಗಳ ಸಾಲನ್ನು ನೋಡುತ್ತ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಒಳಗೆ ಬಂದು, ಹೊಲಿದಿಟ್ಟಿದ್ದ ಒಂದು ಅಂಗಿಯನ್ನು ತೆಗೆದುಕೊಂಡು, ಭುಜದ ಹೊಲಿಗೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ.

"ಗಟ್ಟಿ ಇದೆ. ಆದರೆ ಕಾಲರು ಸರಿಯಿಲ್ಲ" ಅಂದ.

ಕಾಲರು ಕಲಿಸಿದವಳು ನಾನು. ತಾಂಡ್ಯದಲ್ಲಿ ಆರು ವರ್ಷ ಕಾಲರನ್ನೇ ಹೊಲಿದವಳು. ಅವನಿಗೆ ಒಂದು ಸ್ಟೂಲು ಎಳೆದು ಹಾಕಿದೆ.

ಹೆಡ್‌ಮಾಸ್ಟರನ್ನು ಅವನೇ ಒಪ್ಪಿಸಿದ, ಆದರೆ ಈ ಗಲಾಟೆಯಲ್ಲಿ ಒಂದು ವಾರ ಹೋಗಿತ್ತು. ಅವರ ಹೊಸ ವರ್ಷಕ್ಕೆ ಶಾಲೆ ತೆರೆಯುತ್ತದೆ, ಅಷ್ಟರೊಳಗೆ ಮುಗಿಯಬೇಕು. ನನ್ನ ಕೊನೆಯ ವಾರವನ್ನು ನಾನು ಬೇರೊಂದಕ್ಕೆ ಎತ್ತಿಟ್ಟುಕೊಂಡಿದ್ದೆ. ನಮ್ಮ ಮನೆಯವರು ಬೌದ್ಧರು. ನಾನು ಮಗುವಾಗಿದ್ದಾಗ ಅಪ್ಪ ದೀಕ್ಷೆ ತೆಗೆದುಕೊಂಡಿದ್ದರು. ಹೊರಡುವಾಗ ಅವರು ಕೇಳಿದ್ದು ಒಂದೇ, "ಲುಂಬಿನಿ ಆ ದೇಸದಲ್ಲೇ ಅಂತಲ್ಲವ್ವ, ಒಂದ್ ಇಡಿ ಮಣ್ಣು ತಕ್ಕಂಬಾ." ಲುಂಬಿನಿ ಆ ದೇಶದ ಇನ್ನೊಂದು ತುದಿ. ಹೋಗಿ ಬರಲು ನಾಲ್ಕು ದಿನ. ಆ ನಾಲ್ಕು ದಿನ ನಾನು ಮಿಷನ್ ಮುಂದೆ ಕೂತೆ. ದೇವಿಮಾಯಾ ಹೋಗು ಎಂದು ಎರಡು ಸಲ ಹೇಳಿದಳು. ಊರಿಗೆ ಬಂದು ಬರಿಗೈ ತೋರಿಸಿದಾಗ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಮಾಡ್ಬೇಕಾದ್ದು ಮಾಡ್ಬುಟ್ಟು ಬಂದಿದ್ದೀಯ, ಬುಡು" ಅಂದರು. ಆದರೂ ಅವರ ಮುಖ ಸಣ್ಣದಾದದ್ದು ನನಗೆ ಕಾಣದೆ ಇರಲಿಲ್ಲ.

ದೇವಿಮಾಯಾಳ ಗುಡಿಸಲು

ಹೊಲಿಗೆ ಮುಗಿದ ಸಂಜೆ ದೇವಿಮಾಯಾ ಮನೆಗೆ ಕರೆದಳು. ಅವಳ ಅತ್ತೆ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದರು. ದೇವಿಮಾಯಾ ಚಾವಣಿಯ ಬಿದಿರಿನ ಸಂದಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಇನ್ನೊಂದು ಚೀಲ, ಅದರೊಳಗೆ ಮಡಿಕೆ ಬಿದ್ದ ಕಾಗದಗಳು. ಭೂತಾನಿನಲ್ಲಿ ಅವರ ಕಿತ್ತಳೆ ತೋಟಕ್ಕೆ ಕಂದಾಯ ಕಟ್ಟಿದ ರಸೀದಿಗಳು. ಮಾವನ ಕಾಲದವು, ಗಂಡನ ಕಾಲದವು. ನಿಮ್ಮ ಭಾಷೆ ಬೇರೆ, ಉಡುಪು ಬೇರೆ, ನೀವು ಈ ದೇಶದವರಲ್ಲ ಎಂದು ಹೊರಡಿಸಿದಾಗ ಅತ್ತೆ ಮೊದಲು ತೆಗೆದುಕೊಂಡದ್ದು ಈ ಕಾಗದಗಳನ್ನು. ಪಾತ್ರೆಗಳು ಅಲ್ಲೇ ಉಳಿದವು.

"ನಿಮ್ಮ ಕಡೆಯೂ ಹೀಗೆ ಕಾಗದ ಇರುತ್ತದೆಯೇ, ದೀದಿ?" ಎಂದು ಕೇಳಿದಳು.

ನಮ್ಮ ಅಪ್ಪನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಸಾಗುವಳಿ ಚೀಟಿ ಕೈಯಲ್ಲಿದ್ದರೂ ಪಹಣಿಯಲ್ಲಿ ಹೆಸರು ಬರಲಿಲ್ಲ, ಊರಿನ ದೊಡ್ಡವರು ಉಳಲು ಬಿಡಲಿಲ್ಲ. ನಂಜನಗೂಡಿನ ತಾಲ್ಲೂಕು ಕಚೇರಿಗೆ ಅಪ್ಪ ಹದಿನೇಳು ವರ್ಷ ಅಲೆದರು. ಅದನ್ನು ಹೇಳಿದೆ.

"ಕೊನೆಗೆ ಸಿಕ್ಕಿತೇ?"

"ಸಿಕ್ಕಿತು."

ದೇವಿಮಾಯಾ ಅದನ್ನು ಅತ್ತೆಗೆ ಅವರ ಭಾಷೆಯಲ್ಲಿ ಹೇಳಿದಳು. ಮುದುಕಿ ಮೊರ ಕೆಳಗಿಟ್ಟು ಬೆರಳು ಮಡಿಸುತ್ತ ಎಣಿಸಿದರು. ನನ್ನ ಕಡೆ ನೋಡಿ ಐದು ಬೆರಳು ತೋರಿಸಿದರು. ಹನ್ನೆರಡಾಗಿದೆ, ಇನ್ನು ಐದು ವರ್ಷ ಎಂದು ಅರ್ಥ. ನಾನು ತಲೆಯಾಡಿಸಿದೆ. ಬೇರೆ ಏನು ಮಾಡಬಹುದಿತ್ತು?

ಶಾಲೆಯ ರಸ್ತೆ

ಸಮವಸ್ತ್ರ ಹಂಚುವ ದಿನ ಶಾಲೆಯಲ್ಲಿ ಸಣ್ಣ ಸಮಾರಂಭ ಇತ್ತು. ನನ್ನನ್ನೂ ಸಿದ್ದರಾಜಣ್ಣನನ್ನೂ ಕರೆದಿದ್ದರು, ದಾಜುವಿಗೆ ಹೂಮಾಲೆ ಹಾಕಿದರು. ಹೊಲಿದವರನ್ನು ಕರೆದಿರಲಿಲ್ಲ. ಮಾತಿನ ಸರದಿ ಬಂದಾಗ ದಾಜು ಎದ್ದು ನಿಂತು ಒಂದೇ ವಾಕ್ಯ ಹೇಳಿ ಕೂತ. ಏನೆಂದ ಎಂದು ಪಕ್ಕದವರನ್ನು ಕೇಳಿದೆ. "ಇದು ನಾನು ಒಬ್ಬನೇ ಹೊಲಿದದ್ದಲ್ಲ" ಎಂದನಂತೆ. ಅಷ್ಟು ಜನರ ಎದುರಿಗೆ ಅದಕ್ಕಿಂತ ಹೆಚ್ಚು ಹೇಳುವುದು ಆ ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಸುಲಭವಿರಲಿಲ್ಲ.

ಹೊರಗೆ ಬಂದರೆ ರಸ್ತೆಯ ಆಚೆ ಮರದ ಕೆಳಗೆ ದೇವಿಮಾಯಾ ಮತ್ತು ಐದಾರು ಹೆಂಗಸರು ಚೀಟಿ ಬರೆಸಿಕೊಂಡು ಬಂದು ನಿಂತಿದ್ದರು. ನೀಲಿ ಅಂಗಿಯ ಮಕ್ಕಳು ಕೂಗುತ್ತ ಅವರ ಮುಂದೆಯೇ ಹಾದುಹೋದರು. ಹೆಂಗಸರು ಮಕ್ಕಳ ಮುಖ ನೋಡುತ್ತಿರಲಿಲ್ಲ. ಭುಜ ನೋಡುತ್ತಿದ್ದರು, ತೋಳು ನೋಡುತ್ತಿದ್ದರು. ತಾವು ಹೊಲಿದದ್ದು ಯಾವುದೆಂದು ಹುಡುಕುತ್ತಿದ್ದರು. ಒಬ್ಬಳಿಗೆ ತನ್ನದು ಸಿಕ್ಕಿತು. ಪಕ್ಕದವಳ ಕೈ ಹಿಡಿದು ತೋರಿಸಿದಳು.

"ಬಾವ್ವ, ಇಲ್ಲಿ ನಾವು ನಿಂತ್ಕಬಾರ್ದು" ಎಂದು ಸಿದ್ದರಾಜಣ್ಣ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದರು.

ಮರಳಿ ನರಸೀಪುರ

ಆಮೇಲೆ ಎರಡು ವರ್ಷ ಸಿಸ್ಟರ್ ಕಾಗದ ಬರೆಯುತ್ತಿದ್ದರು. ಪೇಟೆಯ ಮೂವರು ಹೆಂಗಸರು ಹೊಲಿಗೆ ಮನೆ ಸೇರಿದರು, ಇನ್ನೊಂದು ಶಾಲೆಯ ಕೆಲಸ ದಾಜುವಿನ ಹೆಸರಿನಲ್ಲಿ ಬಂತು ಎಂಬಂಥ ಸುದ್ದಿಗಳು. ಆಮೇಲೆ ಅವರಿಗೆ ಬೇರೆ ಕಡೆ ವರ್ಗವಾಗಿ ಕಾಗದ ನಿಂತಿತು. ಭೂತಾನಿನ ಬಾಗಿಲು ತೆರೆಯಲಿಲ್ಲ. ದೂರದ ಕೆಲವು ದೇಶಗಳು ಆ ಜನರನ್ನು ಕರೆಸಿಕೊಳ್ಳಲು ಒಪ್ಪಿದವೆಂದು ಪತ್ರಿಕೆಯಲ್ಲಿ ಸಣ್ಣ ಸುದ್ದಿ ಓದಿದೆ.

೨೦೦೯ರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೇಂದ್ರಕ್ಕೆ ಫೋನು ಮಾಡಿ ನನ್ನ ನಂಬರು ತೆಗೆದುಕೊಂಡು ದೇವಿಮಾಯಾ ಮಾತಾಡಿದಳು. ಮಗಳ ಜೊತೆ ಅಮೆರಿಕದ ಒಂದು ಚಳಿಯ ಊರಿನಲ್ಲಿದ್ದಳು. ಹೋಟೆಲಿನ ಹಾಸಿಗೆ ಬಟ್ಟೆ ಹೊಲಿಯುವ ಕೆಲಸ. ಮನೆ ಬೆಚ್ಚಗಿದೆ ಎಂದಳು. ಮಗಳು ಓದುತ್ತಿದ್ದಾಳೆ ಎಂದಳು. ಹೊಲಿಗೆ ಮನೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿ ಕೊನೆಗೆ ಮಿಷನ್‌ಗಳನ್ನು ಪೇಟೆಯ ಹೆಂಗಸರಿಗೇ ಬಿಟ್ಟುಕೊಟ್ಟಿದ್ದರು.

"ಅತ್ತೆ?" ಎಂದು ಕೇಳಿದೆ.

"ಅವರು ಬರಲಿಲ್ಲ, ದೀದಿ. ವಿಮಾನ ಹತ್ತಿದರೆ ತೋಟ ಇನ್ನೂ ದೂರವಾಗುತ್ತದೆ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ದಾಜು ನೋಡಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಯಾರನ್ನಾದರೂ ಕಳಿಸಿ ಅಂಗಡಿಗೆ ಕರೆಸಿಕೊಳ್ಳುತ್ತಾರಂತೆ. ಸುಮ್ಮನೆ ಊಟ ಕೊಟ್ಟರೆ ಅತ್ತೆ ಮುಟ್ಟುವುದಿಲ್ಲ, ಅದಕ್ಕೆ ಗುಂಡಿ ಹಾಕುವ ಕೆಲಸ ಕೊಟ್ಟಿದ್ದಾರೆ."

"ಅವರಿಗೆ ಕಣ್ಣು ಕಾಣುತ್ತದೆಯೇ?"

"ಎಲ್ಲಿ ಕಾಣುತ್ತದೆ? ಒಂದೂ ಸರಿಯಾದ ಜಾಗದಲ್ಲಿ ಬೀಳುವುದಿಲ್ಲವಂತೆ. ಸಂಜೆ ಅವರನ್ನು ಮನೆಗೆ ಕಳಿಸಿದ ಮೇಲೆ ದಾಜು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕುತ್ತಾರಂತೆ."